ಉದುರಿದ ಬಾದಾಮಿ ಎಲೆಯ ಚಿತ್ರ ಬಿಡಿಸೋದು ಹೇಗೆ

ನಮ್ಮ ಕಡೆ ಎಲೆ ಉದುರೋದು ಶಿಶಿರದಲ್ಲಿ, ಆಗ ಬೆಂಗಳೂರಲ್ಲಿ ಕಾಡುಬಾದಾಮಿ ಮರದ ಕೆಳಗೆ ಹೋಗಿ ನೋಡಿ, ಕೆಂಪು ಹಳದಿ ತಾಮ್ರದ ಬಣ್ಣ ಎಲ್ಲಾ ಒಂದೇ ಎಲೇಲಿರುತ್ತೆ. ಬೆಳಗ್ಗೆ ಬಿಸಿಲು ಓರೆ ಇರುವಾಗ್ಲೇ ಕೂತ್ಕೊಳ್ಳಿ, ನೆರಳು ಚೆನ್ನಾಗಿ ಬೀಳುತ್ತೆ. ಪೆನ್ಸಿಲ್, ಬಣ್ಣ, ಚಿಕ್ಕ ಸ್ಕೆಚ್‌ಬುಕ್ ಸಾಕು. ಮೊದ್ಲು ನಡುನರ ಒಂದೇ ಗೆರೇಲಿ ಎಳೀರಿ, ಅದು ಎಲ್ಲಿ ಬಾಗುತ್ತೋ ಎಲೆನೂ ಅಲ್ಲೇ ಬಾಗೋದು, ಆಮೇಲೆ ಅಂಚು (ತೊಟ್ಟಿನ ಹತ್ರ ಕಿರಿದು, ತುದಿ ಕಡೆ ಅಗಲ), ಕೊನೆಗೆ ಪಕ್ಕದ ನರಗಳು. ಹುಳ ತಿಂದ ತೂತು ಬಿಡ್ಬೇಡಿ, ನಂಗಂತೂ ಎಲೆ ಚಂದ ಕಾಣೋದೇ ಅದ್ರಿಂದ. ಬಣ್ಣ ಅಲ್ಲೇ ಕೂತು ಹಾಕಿ, ಮನೆಗೆ ತಂದಿಟ್ರೆ ಒಣಗಿ ಕಂದು ಬಣ್ಣಕ್ಕೆ ತಿರುಗುತ್ತೆ. ಅರಳಿ ಎಲೆ ಸಿಕ್ರೆ ಹಿಂಬದಿ ಮೇಲೆ ಮಾಡಿ ಅದ್ರ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಮಲಗಿಸಿ ಮೆಲ್ಲಗೆ ಉಜ್ಜಿ, ನರದ ಜಾಲ ಪೂರ್ತಿ ಹಾಳೆ ಮೇಲೆ ಮೂಡುತ್ತೆ.