ಕೆಂಪು ಬಟ್ಟಲು ಕಂದದಂತೆ ಒಣಗಿಸಿದ್ದು

ಉರುಶಿ, ಅಂದರೆ ಬಟ್ಟಲಿಗೆ ಮೆರುಗಾಗಿ ಹಚ್ಚುವ ಮರದ ಸೊನೆ, ಒಣಗಲು ಅದನ್ನಿಡುವ ಫುರೊ ಪೆಟ್ಟಿಗೆ ಒದ್ದೆಯಿರಬೇಕು ಅನ್ನುವುದು ಜಪಾನಿನ ಉರುಶಿ ಕೆಲಸದ ಊರು ಕಿಸೊ-ಹಿರಾಸಾವಾದ ಮನೆಮನೆಗೂ ಗೊತ್ತು. ಅಂಥದ್ದರಲ್ಲಿ ನಾವು ಮೊದಲ ರಾತ್ರಿ ಒಂದು ಹನಿ ನೀರೂ ಚಿಮುಕಿಸದೆ ಬಟ್ಟಲು ಒಳಗಿಟ್ಟೆವು. "ಬೆಳಿಗ್ಗೆ ಎಲ್ಲಾ ಒರೆಸಿ ತೆಗೀಬೇಕಾಗುತ್ತೆ, ನೋಡಿ" ಅಂದವರೇ ಹೆಚ್ಚು. ಒರೆಸಲಿಲ್ಲ. ಈ ಚಳಿಗಾಲ ಮೂರು ಸರದಿಯಲ್ಲಿ ಇಂಗಳೀಕದ ಕೆಂಪು ಪುಡಿ ಬೆರೆಸಿ ಹಚ್ಚಿದ ಸುಮಾರು 120 ಬಟ್ಟಲು ಹೊರಬಂದವು. ಕೆಟ್ಟವು ಐದೋ ಆರೋ.

ಹಿಂದಿನ ಚಳಿಗಾಲ 40ರಲ್ಲಿ 26 ಹಾಳಾಗಿದ್ದವು. ಅರ್ಧದಷ್ಟಕ್ಕೆ ಅಂಚಿನಲ್ಲೂ ಪಾದದ ಒಳಮೂಲೆಯಲ್ಲೂ ಚಿಜಿಮಿ, ಹಾಲಿನ ಕೆನೆಯಂಥ ಸುಕ್ಕು. ಉಳಿದವು ಕೆಂಪು ಹೋಗಿ ಕಂದು. ಸೊನೆ, ಇಂಗಳೀಕ ಸೇರಿ ಹತ್ತು ಸಾವಿರ ಯೆನ್‌ ಒಳಗೇ ಹೋಗಿರಬೇಕು. ಇದ್ದಲಲ್ಲಿ ಉಜ್ಜಿ ಮತ್ತೆ ಹಚ್ಚಿದ ಕೂಲಿ ಅದರ ಎಂಟು-ಹತ್ತು ಪಟ್ಟು.

ಮೊದಲ ತಪ್ಪು ತೇವ ಅಳೆಯುವ ಮೀಟರಿನದು. ಕರಗದೆ ತಳದಲ್ಲಿ ಉಳಿಯುವಷ್ಟು ಉಪ್ಪನ್ನು ನೀರಲ್ಲಿ ಕಲಸಿ, ಮುಚ್ಚಿದ ಡಬ್ಬಿಯಲ್ಲಿ ಮೀಟರಿನ ಜೊತೆ ರಾತ್ರಿಯಿಡೀ ಇಟ್ಟರೆ ಶೇ. 75 ತೋರಿಸಬೇಕು. ನಮ್ಮದು 66 ತೋರಿಸಿತು! 80 ಅಂದುಕೊಂಡಿದ್ದಾಗ ಒಳಗೆ 90ರ ಹತ್ತಿರ ಇತ್ತು. (ಉಪ್ಪಿನ ಕೈಯಲ್ಲಿ ಸೊನೆ ಮುಟ್ಟಬೇಡಿ, ಒಣಗದೆ ಕೂರುತ್ತದೆ.) ಎರಡನೆಯದು ಹೀಟರು. ಕೆಳಗಿನ ಹಲಗೆ 29 ಡಿಗ್ರಿ, ಮೇಲಿನದು 22. ಶಾಖವೂ ತೇವವೂ ಒಟ್ಟಿಗೆ ಬಿದ್ದರೆ ಮೇಲೆ ಪೊರೆ ಕಟ್ಟುತ್ತದೆ, ಅಡಿಯಲ್ಲಿ ಹಸಿಯೇ ಉಳಿಯುತ್ತದೆ, ಸುಕ್ಕಾಗದೆ ಇನ್ನೇನಾದೀತು?

ಈಗ ಹೀಟರನ್ನು ಪೆಟ್ಟಿಗೆಯಿಂದ ಹೊರಗೆ ತಂದು ಇಡೀ ಕೋಣೆಯನ್ನೇ 22ರಲ್ಲಿ ಇಡುತ್ತೇವೆ. ಮೊದಲ ಹನ್ನೆರಡು ಗಂಟೆ ತೇವ 55, ಮರುದಿನ 65, ಮೂರನೇ ದಿನ 75, ಆಮೇಲೆ 80. ಬೆರಳಿಗೆ ಅಂಟದಂತಾಗಲು ಮೂರು ದಿನ ಹಿಡಿಯುತ್ತದೆ. ನಿಧಾನವಾದಷ್ಟೂ ಬಣ್ಣ ತಿಳಿ. ಆದರೆ ಸೊನೆ ಅಷ್ಟು ಹೊತ್ತು ಹಸಿಯಿರುವುದರಿಂದ ಇಳಿಯುತ್ತದೆ. ತಿರುಗುವ ಫುರೊ ಇಲ್ಲದವರು ಇದಕ್ಕೆ ಕೈಹಾಕುವುದು ಬೇಡ. ಮೊದಲ ರಾತ್ರಿ ಐದೈದು ನಿಮಿಷಕ್ಕೆ ಮಗುಚಬೇಕು.

ದಪ್ಪವನ್ನು ಕಣ್ಣಂದಾಜಿಗೆ ಬಿಡುವುದಿಲ್ಲ. 12 ಸೆಂ.ಮೀ. ಬಟ್ಟಲಿಗೆ ಒಳಗೂ ಹೊರಗೂ ಸೇರಿ ಸುಮಾರು 3 ಗ್ರಾಂ, ತಕ್ಕಡಿಯಲ್ಲಿ ಇಟ್ಟೇ ನೋಡುತ್ತೇವೆ. ನಾಲ್ಕು ದಾಟಿದರೆ ಯಾವ ಫುರೊ ಕೂಡ ಕಾಪಾಡದು. ಇಂಗಳೀಕ, ಸೊನೆ ತೂಕದಲ್ಲಿ ಸಮಸಮ; ಯೋಶಿನೊ ಅನ್ನುವ ತೆಳು ಕಾಗದದಲ್ಲಿ ಮೂರು ಸಲ ಹಿಂಡಿ ಸೋಸಬೇಕು. ಹೊಸ ಡಬ್ಬಿ ತೆರೆದಾಗಲೆಲ್ಲ ಗಾಜಿನ ಪಟ್ಟಿಗೆ ಹಚ್ಚಿ ಪರೀಕ್ಷೆ. ನಾಲ್ಕೇ ಗಂಟೆಯಲ್ಲಿ ಕಟ್ಟಿದರೆ ಅದು ಅವಸರದ ಸೊನೆ, ನಿಧಾನದ್ದನ್ನು ಬೆರೆಸಬೇಕು. ಎಷ್ಟು ಬೆರೆಸುತ್ತೇವೆ ಅನ್ನುವುದು ಮನೆಯ ಲೆಕ್ಕ, ಇಲ್ಲಿ ಬೇಡ.

ನಡುವೆ ಗೇರುಸಿಪ್ಪೆಯ ಎಣ್ಣೆಯಿಂದ ಮಾಡಿದ ಬಣ್ಣವನ್ನೂ ಹಚ್ಚಿ ನೋಡಿದ್ದಾಯಿತು. ಗೇರು, ಮಾವು, ಉರುಶಿ ಒಂದೇ ಕುಲ, ಸೊನೆ ತಾಗಿದರೆ ಮೈ ಕೆರೆಯುವುದೂ ಒಂದೇ ಥರ. ಅದಕ್ಕೆ ತೇವದ ಗೊಡವೆ ಇಲ್ಲ, ಅಗ್ಗ ಬೇರೆ. ಹೊಳಪು ಮಾತ್ರ ಪ್ಲಾಸ್ಟಿಕ್ಕಿನದು. ಊಟದ ಬಟ್ಟಲಿಗೆ ಹಚ್ಚುವುದಿಲ್ಲ.

ಹೊರತೆಗೆದ ದಿನದ ಬಣ್ಣ ನೋಡಿ ಬೆಲೆ ಕಟ್ಟಬೇಡಿ, ತಿಂಗಳುಗಟ್ಟಲೆ ತಿಳಿಯಾಗುತ್ತಲೇ ಇರುತ್ತದೆ. ಹಾಳಾದ 26ರಲ್ಲಿ ಎರಡನ್ನು ಉಜ್ಜದೆ ಹೋಲಿಕೆಗೆಂದು ಇಟ್ಟುಕೊಂಡಿದ್ದೇವೆ. ಅವೂ ಕೊಂಚ ತಿಳಿಯಾಗಿವೆ. ಹೊಸದರ ಪಕ್ಕ ಇಟ್ಟರೆ ಈಗಲೂ ಕಂದೇ.