ಚುಕ್ಕಾಣಿ ಚಕ್ರವನ್ನು ದಾಟಿ ಒಳಗೆ ಬನ್ನಿ: ಬಂದರಿನ ಸಂಗ್ರಹಾಲಯ ನೋಡುವವರಿಗೆ

ಬಂದರು ಪಟ್ಟಣದ ಸಣ್ಣ ಕಡಲ ಸಂಗ್ರಹಾಲಯಕ್ಕೆ ಹೋದವರಲ್ಲಿ ಹೆಚ್ಚಿನವರು ಬಾಗಿಲ ಬಳಿಯ ಚುಕ್ಕಾಣಿ ಚಕ್ರ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಗಾಜಿನ ಪೆಟ್ಟಿಗೆಯ ಹಡಗುಗಳ ಮುಂದೆ ಒಂದು ಸುತ್ತು ಹಾಕುತ್ತಾರೆ, ಅರ್ಧ ಗಂಟೆಯೊಳಗೆ ಹೊರಬರುತ್ತಾರೆ. ನಾನು ಬಂದರುಗಳ ಆಳ ಅಳೆದು ನಕ್ಷೆ ಬರೆಯುವ ಕೆಲಸದಿಂದ ನಿವೃತ್ತನಾದವನು. ನನ್ನ ಸಲಹೆಯಲ್ಲಿ ಪಕ್ಷಪಾತವಿದೆ ಎಂದು ಮೊದಲೇ ಹೇಳಿಬಿಡುತ್ತೇನೆ: ಥಳಥಳಿಸುವ ವಸ್ತುವಿಗಿಂತ ದುಡಿದ ವಸ್ತು ನನಗೆ ಮೇಲು. ಸವೆದದ್ದು, ಕಲೆಯಾದದ್ದು, ತೇಪೆ ಹಾಕಿದ್ದು ಎಲ್ಲಿ ಕಾಣುತ್ತದೆಯೋ ಅಲ್ಲಿ ನಿಲ್ಲಿ.

ಹೊರಡುವ ಮುನ್ನ ಒಂದು ಫೋನ್ ಮಾಡಿ. ಇಂತಹ ಸಂಗ್ರಹಾಲಯಗಳನ್ನು ಅನೇಕ ಕಡೆ ಸ್ವಯಂಸೇವಕರು ನಡೆಸುತ್ತಾರೆ. ಬಾಗಿಲ ಮೇಲೆ ಬರೆದ ವೇಳೆಗೂ ಬೀಗ ತೆರೆಯುವ ವೇಳೆಗೂ ಸಂಬಂಧವಿರಲೇಬೇಕೆಂದಿಲ್ಲ. ಹಳೆಯ ನಾವಿಕರೋ ದೋಣಿ ಕಟ್ಟುವವರೋ ಯಾವ ದಿನ ಅಲ್ಲಿ ಕುಳಿತಿರುತ್ತಾರೆ ಎಂದು ಕೇಳಿ, ಆ ದಿನವೇ ಹೋಗಿ. ಉಬ್ಬರ ಇಳಿತದ ವೇಳಾಪಟ್ಟಿಯನ್ನೂ ನೋಡಿಕೊಳ್ಳಿ. ನೀರು ಇಳಿದ ಹೊತ್ತಿನಲ್ಲಿ ಮೊದಲು ಧಕ್ಕೆಯ ಉದ್ದಕ್ಕೂ ನಡೆದರೆ ಹಳೆಯ ಗೋಡೆಯ ಬುಡ, ಪಾಚಿ ಕಟ್ಟಿದ ಗೆರೆ, ಕೆಸರಿನಿಂದ ತಲೆ ಎತ್ತಿದ ಮರದ ಕಂಬಗಳು ಕಾಣುತ್ತವೆ. ಒಳಗೆ ಇಟ್ಟಿರುವ ಹಳೆಯ ಚಿತ್ರಗಳಲ್ಲಿ ಇವೇ ಕಂಬಗಳ ಮೇಲೆ ಕಟ್ಟೆ ನಿಂತಿರಬಹುದು.

ಒಳಗೆ ಹೋದ ಮೇಲೆ ನೇರವಾಗಿ ನಕ್ಷೆಗಳ ಬಳಿಗೆ ಹೋಗಿ. ಗೋಡೆಯಲ್ಲಿ ಇಲ್ಲದಿದ್ದರೆ ಚಪ್ಪಟೆ ಡ್ರಾಯರುಗಳಲ್ಲಿ ಇರುತ್ತವೆ. ಕೇಳಿದರೆ ತೆರೆದು ತೋರಿಸುತ್ತಾರೆ. ಅದೇ ಬಂದರಿನ ಎರಡು ಕಾಲದ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವುದಕ್ಕೆ ಸಮನಾದ ಪಾಠ ಇಡೀ ಕಟ್ಟಡದಲ್ಲಿ ಮತ್ತೊಂದಿಲ್ಲ. ಮೊದಲು ಮೂಲೆಯಲ್ಲಿ ಬರೆದ ಅಳತೆಯನ್ನು ಓದಿ: ಆಳ ಫ್ಯಾದಮ್‌ಗಳಲ್ಲಿದೆಯೋ, ಅಡಿಗಳಲ್ಲಿದೆಯೋ, ಮೀಟರುಗಳಲ್ಲಿದೆಯೋ? ಒಂದು ಫ್ಯಾದಮ್ ಎಂದರೆ 6 ಅಡಿ, ಸುಮಾರು 1.83 ಮೀಟರ್. ಹಳೆಯ ನಕ್ಷೆಯ 5 ಹೊಸ ನಕ್ಷೆಯಲ್ಲಿ 9 ಆಗಿದ್ದರೆ ಸಮುದ್ರ ಆಳವಾಯಿತೆಂದು ಬೆರಗಾಗಬೇಡಿ. ಆ ಅಂಕಿಗಳನ್ನು ನೀರು ಬಹಳ ಇಳಿದಾಗಿನ ಮಟ್ಟದಿಂದ ಎಣಿಸಿರುತ್ತಾರೆ ಎಂಬುದೂ ನೆನಪಿರಲಿ. ಹಡಗಿನವನಿಗೆ ಬೇಕಾದದ್ದು ಸರಾಸರಿಯಲ್ಲ, ಅತಿ ಕಡಿಮೆ ಎಷ್ಟು ನೀರು ಸಿಗುತ್ತದೆ ಎಂಬ ಲೆಕ್ಕ. ಆಮೇಲೆ ಕಡಿಮೆ ಆಳದ ಅಂಕಿಗಳು ಗುಂಪುಗೂಡಿದ ಜಾಗವನ್ನು ಹುಡುಕಿ. ಅದು ಮರಳ ದಿಬ್ಬ. ಎರಡನೆಯ ನಕ್ಷೆಯಲ್ಲಿ ಅದು ಎತ್ತ ಸರಿದಿದೆ ಎಂದು ನೋಡಿದರೆ ಧಕ್ಕೆಯನ್ನು ಏಕೆ ಉದ್ದ ಮಾಡಿದರು, ಹಳೆಯ ಗೋದಾಮುಗಳು ಇಂದು ನೀರಿನಿಂದ ಅಷ್ಟು ದೂರ ಏಕೆ ನಿಂತಿವೆ ಎಂಬುದು ಯಾರೂ ಹೇಳದೆಯೇ ಹೊಳೆಯುತ್ತದೆ.

ಇಂಗ್ಲಿಷ್ ನಕ್ಷೆಯಾದರೆ ಅಂಕಿಗಳ ನಡುವೆ ಒಂಟಿ ಅಕ್ಷರಗಳೂ ಇರುತ್ತವೆ: ಎಸ್ ಎಂದರೆ ಮರಳು, ಎಂ ಎಂದರೆ ಕೆಸರು. ಲಂಗರು ಎಲ್ಲಿ ಕಚ್ಚುತ್ತದೆ, ಎಲ್ಲಿ ಜಾರುತ್ತದೆ ಎಂದು ತಿಳಿಯಲು ಇದು ಬೇಕು. ಕಾಣದ ತಳದ ಸುದ್ದಿ ಹೇಗೆ ಸಿಕ್ಕಿತು? ಉತ್ತರ ಪಕ್ಕದ ಪೆಟ್ಟಿಗೆಯಲ್ಲಿ, ಯಾರೂ ತಿರುಗಿ ನೋಡದ ಸೀಸದ ಗುಂಡಿನಲ್ಲಿದೆ. ಅದರ ಅಡಿಯನ್ನು ನೋಡಿ, ಒಂದು ಕುಳಿ ಇರುತ್ತದೆ. ಆ ಕುಳಿಗೆ ಪ್ರಾಣಿಯ ಕೊಬ್ಬು ತುಂಬಿ ಗುಂಡನ್ನು ನೀರಿಗೆ ಎಸೆಯುತ್ತಿದ್ದರು. ತಳದ ಮರಳೋ ಚಿಪ್ಪಿನ ಚೂರೋ ಕೊಬ್ಬಿಗೆ ಅಂಟಿಕೊಂಡು ಮೇಲೆ ಬರುತ್ತಿತ್ತು. ಗುಂಡಿನ ಹಗ್ಗ ಇನ್ನೂ ಜಾಣತನದ್ದು. ಬ್ರಿಟಿಷ್ ಪದ್ಧತಿಯ ಹಗ್ಗದಲ್ಲಿ 2 ಫ್ಯಾದಮಿಗೆ ಎರಡು ಸೀಳಿನ ತೊಗಲು, 3ಕ್ಕೆ ಮೂರು ಸೀಳಿನ ತೊಗಲು, 5ಕ್ಕೆ ಬಿಳಿ ಬಟ್ಟೆ, 7ಕ್ಕೆ ಕೆಂಪು ಬಟ್ಟೆ, 10ಕ್ಕೆ ತೂತು ಕೊರೆದ ತೊಗಲು. ಬಣ್ಣ ಹಗಲಿಗೆ. ರಾತ್ರಿಗೆಂದೇ ಬಟ್ಟೆಗಳ ನೇಯ್ಗೆಯೂ ಬೇರೆ ಬೇರೆ ಇರುತ್ತಿತ್ತು. ಕತ್ತಲಲ್ಲಿ ಬೆರಳಿನಿಂದಲೋ ತುಟಿಯಿಂದಲೋ ಮುಟ್ಟಿ ಆಳವನ್ನು ಕೂಗಿ ಹೇಳುತ್ತಿದ್ದರು. ಈ ಪೆಟ್ಟಿಗೆಯ ಮುಂದೆ ಹತ್ತು ನಿಮಿಷ ಕೊಡಿ.

ಉಪಕರಣಗಳ ಕೋಣೆಯಲ್ಲಿ ಹಿತ್ತಾಳೆಯ ಹೊಳಪಿಗೆ ಮರುಳಾಗದೆ ಅಂಕಿಗಳನ್ನು ಓದಿ. ದಿಗಂತದಿಂದ ಸೂರ್ಯನೋ ನಕ್ಷತ್ರವೋ ಎಷ್ಟು ಎತ್ತರದಲ್ಲಿದೆ ಎಂದು ಕನ್ನಡಿಗಳಿಂದ ಅಳೆಯುವ ಸೆಕ್ಸ್‌ಟಂಟ್‌ನ ಕಮಾನು ವೃತ್ತದ ಆರನೆಯ ಒಂದು ಭಾಗ, ಅಂದರೆ 60 ಡಿಗ್ರಿ. ಆದರೆ ಅದರ ಮೇಲೆ 120ರವರೆಗೆ ಕೆತ್ತಿರುತ್ತಾರೆ. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಬೆಳಕು ಎರಡು ಡಿಗ್ರಿ ತಿರುಗುತ್ತದೆ, ಅಷ್ಟೇ ಗುಟ್ಟು. ಗಂಟು ಹಾಕಿದ ಹಗ್ಗದ ಜೊತೆ ಪುಟ್ಟ ಮರಳು ಗಡಿಯಾರ ಇದ್ದರೆ ಅದು ವೇಗ ಅಳೆಯುವ ಸಲಕರಣೆ. 28 ಸೆಕೆಂಡಿನ ಗಡಿಯಾರಕ್ಕೆ ಗಂಟುಗಳ ನಡುವಿನ ಅಂತರ ಸುಮಾರು 47 ಅಡಿ 3 ಅಂಗುಲ. ಹಗ್ಗದ ತುದಿಯನ್ನು ಹಡಗಿನ ಹಿಂದೆ ನೀರಿಗೆ ಬಿಟ್ಟ ಮೇಲೆ, ಮರಳು ಸುರಿದು ಮುಗಿಯುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿದವೋ ಗಂಟೆಗೆ ಅಷ್ಟು ನಾಟಿಕಲ್ ಮೈಲಿ, ಅಂದರೆ ಕಡಲ ಮೈಲಿ (ಸುಮಾರು 1.85 ಕಿ.ಮೀ.). ಮರದ ಪೆಟ್ಟಿಗೆಯಲ್ಲಿ ತೂಗಾಡುವಂತೆ ಕೂರಿಸಿದ ಕ್ರೊನೊಮೀಟರ್, ಅಂದರೆ ಹಡಗು ಪೂರ್ವ ಪಶ್ಚಿಮವಾಗಿ ಎಲ್ಲಿದೆ ಎಂದು ಲೆಕ್ಕ ಹಾಕಲು ಬಳಸುವ ನಿಖರ ಗಡಿಯಾರ, ಇದ್ದರೆ ಈ ಲೆಕ್ಕ ಮಾಡಿ: ಭೂಮಿ 4 ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ, ಸಮಭಾಜಕ ವೃತ್ತದ ಮೇಲೆ ಅದು 60 ನಾಟಿಕಲ್ ಮೈಲಿ. ಗಡಿಯಾರ ಒಂದೇ ಒಂದು ನಿಮಿಷ ತಪ್ಪಿದರೆ ಹಡಗು ತಾನಿರುವ ಜಾಗವನ್ನು 15 ಮೈಲಿ ತಪ್ಪಾಗಿ ತಿಳಿಯುತ್ತದೆ. ಬಂಡೆಗೆ ಹೊಡೆಯಲು ಅಷ್ಟು ಬೇಡ.

ಹಡಗಿನ ಮಾದರಿಗಳ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಹಗ್ಗ, ಪಟ ಎಲ್ಲವೂ ಇರುವ ಅಂದದ ಮಾದರಿಗಳಲ್ಲಿ ಎಷ್ಟೋ ಕಂಪನಿ ಕಚೇರಿಯ ಅಲಂಕಾರಕ್ಕೆಂದು ಮಾಡಿದವು. ಗೋಡೆಗೆ ತಗುಲಿಸಿದ, ಉದ್ದಕ್ಕೆ ಸೀಳಿದಂತಿರುವ ಅರ್ಧ ಮಾದರಿ ಸಿಕ್ಕರೆ ಮಾತ್ರ ಬಿಡಬೇಡಿ. ಅದು ಹಡಗು ಕಟ್ಟುವವನ ಕೈಯ ಸಾಧನ: ಎಡಬಲ ಒಂದೇ ಆದ್ದರಿಂದ ಅರ್ಧ ಸಾಕು, ಅದರಿಂದಲೇ ಅಳತೆ ತೆಗೆದು ನಿಜವಾದ ಹಡಗನ್ನು ಕಟ್ಟುತ್ತಿದ್ದರು. ಉಗಿಹಡಗುಗಳ ಮಾದರಿಯ ಬದಿಯಲ್ಲಿ ಅಡ್ಡಗೆರೆ ಎಳೆದ ವೃತ್ತವಿದೆಯೇ ನೋಡಿ. ಸರಕು ತುಂಬಿದಾಗ ಹಡಗು ಆ ಗೆರೆಗಿಂತ ಹೆಚ್ಚು ಮುಳುಗಬಾರದು. ಬ್ರಿಟನ್ನಿನಲ್ಲಿ 1876ರ ಕಾನೂನು ಈ ಗುರುತನ್ನು ಕಡ್ಡಾಯ ಮಾಡಿತು, ಆದರೆ ಎಲ್ಲಿ ಹಾಕಬೇಕೆಂಬುದನ್ನು ಮಾಲೀಕನಿಗೇ ಬಿಟ್ಟಿತು! ಜಾಗವನ್ನು ಕಾನೂನೇ ನಿಗದಿ ಮಾಡಿದ್ದು 1890ರಲ್ಲಿ. ಅತಿಭಾರ ಹೇರಿಸಿಕೊಂಡು ಮುಳುಗಿದ ಹಡಗುಗಳ ನಾವಿಕರ ನೆನಪು ಆ ಗೆರೆಯಲ್ಲಿದೆ.

ದೀಪಸ್ತಂಭದ ದೊಡ್ಡ ಗಾಜಿನ ಮಸೂರವನ್ನು ಇಟ್ಟಿದ್ದರೆ ಸುತ್ತಲೂ ನಡೆದು ನೋಡಿ. ಫ್ರೆಂಚ್ ವಿಜ್ಞಾನಿ ಫ್ರೆನೆಲ್ ರೂಪಿಸಿದ ಈ ಬಗೆಯ ಮಸೂರ ಮೊದಲು ಉರಿದದ್ದು 1823ರಲ್ಲಿ, ಫ್ರಾನ್ಸಿನ ಕೊರ್ದುವಾನ್ ದೀಪಸ್ತಂಭದಲ್ಲಿ. ಹಗಲಿನಲ್ಲಿ ಇದಕ್ಕೆ ಪರದೆ ಎಳೆದಿಡುತ್ತಿದ್ದರು. ಇಲ್ಲದಿದ್ದರೆ ಒಳಬಂದ ಬಿಸಿಲೇ ಬೆಂಕಿ ಹಚ್ಚೀತು.

ಧಕ್ಕೆಗೆ ಕಟ್ಟಿದ ಹಳೆಯ ಹಡಗೂ ಸಂಗ್ರಹಾಲಯದ ಭಾಗವಾಗಿದ್ದರೆ ಬೆನ್ನಿನ ಚೀಲವನ್ನು ಕಚೇರಿಯಲ್ಲೇ ಬಿಡಿ. ಜಾರದ ಚಪ್ಪಟೆ ಅಟ್ಟೆಯ ಬೂಟು ಬೇಕು. ಕಡಿದಾದ ಏಣಿಗಳಲ್ಲಿ ಇಳಿಯುವಾಗಲೂ ಏಣಿಗೆ ಮುಖ ಮಾಡಿಯೇ ಇಳಿಯಿರಿ, ತಲೆ ತಗ್ಗಿಸಿರಿ. ಕಪ್ತಾನನ ಕೋಣೆಗೆ ಎಲ್ಲರೂ ನುಗ್ಗುತ್ತಾರೆ. ನೀವು ಮೊದಲು ಎಂಜಿನ್ ಕೋಣೆಗೆ, ಆಮೇಲೆ ಖಲಾಸಿಗಳು ಮಲಗುತ್ತಿದ್ದ ಜಾಗಕ್ಕೆ ಹೋಗಿ. ಮಕ್ಕಳು ಜೊತೆಗಿದ್ದರೆ ಅಲ್ಲಿನ ಹಾಸಿಗೆಯ ಅಗಲವನ್ನು ಗೇಣಿನಲ್ಲಿ ಅಳೆಯಲು ಹೇಳಿ, ವಿವರಣೆ ಬೇಕಾಗುವುದಿಲ್ಲ. ಆದರೆ ಸಮುದ್ರದಿಂದ ಎತ್ತಿದ ಮರ, ಕಬ್ಬಿಣವನ್ನು ಮುಟ್ಟಲು ಬಿಡಬೇಡಿ. 1628ರಲ್ಲಿ ಮುಳುಗಿ 1961ರಲ್ಲಿ ಮೇಲೆದ್ದ ಸ್ವೀಡನ್ನಿನ ವಾಸಾ ಹಡಗಿಗೆ ಮರ ಒಣಗಿ ಬಿರುಕು ಬಿಡದಂತೆ ವರ್ಷಗಟ್ಟಲೆ ರಾಸಾಯನಿಕ ಸಿಂಪಡಿಸಬೇಕಾಯಿತು. ಸಣ್ಣ ಊರಿನ ಸಂಗ್ರಹಾಲಯಕ್ಕೆ ಅಂತಹ ಅನುಕೂಲ ಎಲ್ಲಿಯದು?

ಕೊನೆಗೆ ಕಾಗದಪತ್ರಗಳು. ನಿಮ್ಮ ಅಜ್ಜನೋ ಮುತ್ತಜ್ಜನೋ ಹಡಗಿನಲ್ಲಿ ದುಡಿದಿದ್ದರೆ ಇಲ್ಲಿ ಒಂದು ಪೂರ್ತಿ ಮಧ್ಯಾಹ್ನ ಬೇಕು. ಸಂಗ್ರಹಾಲಯ ನೋಡುವ ದಿನವೇ ಇದನ್ನೂ ಮುಗಿಸಲು ಹೋಗಬೇಡಿ. ಹಡಗಿನ ಹೆಸರೊಂದನ್ನೇ ನಂಬಬೇಡಿ, ಮಾರಾಟವಾದಾಗ ಹೆಸರು ಬದಲಾಗುತ್ತದೆ. ಬ್ರಿಟಿಷ್ ನೋಂದಣಿಯ ವ್ಯಾಪಾರಿ ಹಡಗುಗಳಿಗೆ 1855ರಿಂದ ಒಂದು ಅಧಿಕೃತ ಸಂಖ್ಯೆ ಕೊಡುತ್ತಿದ್ದರು. ಹೆಸರು ಎಷ್ಟು ಬದಲಾದರೂ ಸಂಖ್ಯೆ ಅದೇ. ಆ ಸಂಖ್ಯೆ ಹಿಡಿದು ನೌಕರರ ಪಟ್ಟಿ ಕೇಳಿ. ಹಳೆಯ ಲಾಗ್ ಪುಸ್ತಕ (ಹಡಗಿನ ದಿನಚರಿ) ಓದುವಾಗ ತಾರೀಖಿನ ಬಗ್ಗೆ ಎಚ್ಚರ: 1805ರವರೆಗೆ ಬ್ರಿಟಿಷ್ ನೌಕಾಪಡೆಯ ಲಾಗ್‌ಗಳಲ್ಲಿ ದಿನ ನಡುಹಗಲಿಗೆ ಶುರುವಾಗುತ್ತಿತ್ತು. ದಡದವರ 4ನೆಯ ತಾರೀಖಿನ ಮಧ್ಯಾಹ್ನ ಅವರಿಗೆ ಆಗಲೇ 5. ಪೆನ್ನನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ. ಫೋಟೊಗೆ ಅನುಮತಿ ಸಿಕ್ಕರೂ ಫ್ಲ್ಯಾಶ್ ಆರಿಸಿಡಿ, ಪ್ರತಿ ಫೋಟೊ ತೆಗೆಯುವ ಮೊದಲು ಕಡತದ ಸಂಖ್ಯೆಯ ಚೀಟಿಯನ್ನೂ ಚೌಕಟ್ಟಿನೊಳಗೆ ಸೇರಿಸಿಕೊಳ್ಳಿ.