ಕುಕ್ಕರಿನಲ್ಲಿ ಇಳಿಸಿದ ಪೆಪ್ಪರ್‌ಮಿಂಟ್ ಎಣ್ಣೆ

ತಾರಸಿಯಲ್ಲಿ ಪೆಪ್ಪರ್‌ಮಿಂಟ್ ಎಂಬ ಪುದೀನ ಜಾತಿಯ ಗಿಡ ಬೆಳೆದು ಮನೆಯಲ್ಲೇ ಎಣ್ಣೆ ತೆಗೆಯುತ್ತೇನೆ ಎಂದಾಗ ನಮ್ಮ ಕೈತೋಟದ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ಅದು ತಂಪು ಸೀಮೆಯ ಗಿಡ, ಮೈಸೂರಿನ ಏಪ್ರಿಲ್ ಬಿಸಿಲಿಗೆ ಸುಟ್ಟು ಹೋಗುತ್ತದೆ ಎಂದರು. ಪೇಟೆಯಲ್ಲಿ ಸಿಗುವುದಕ್ಕೆ ಇಷ್ಟು ಒದ್ದಾಟವೇಕೆ ಎಂದು ನಮ್ಮ ಯಜಮಾನರೂ ಕೇಳಿದರು. ಮೂರು ವರ್ಷ ಕಳೆಯಿತು. ಈಗ ಕಪಾಟಿನಲ್ಲಿ ನಾನೇ ಇಳಿಸಿದ ಎಣ್ಣೆಯ ಎರಡು ಕಂದು ಸೀಸೆಗಳಿವೆ. ಅಂದು ತಲೆಯಾಡಿಸಿದವರೇ ಇಂದು ತಲೆನೋವು ಬಂದರೆ ನಮ್ಮ ಬಾಗಿಲು ತಟ್ಟುತ್ತಾರೆ.

ಮೊದಲು ಹಣ ಕಳೆದದ್ದು ಬೀಜಕ್ಕೆ. 90 ರೂಪಾಯಿಯ ಮೂರು ಪೊಟ್ಟಣ ಬಿತ್ತಿದೆ. ಹುಟ್ಟಿದ್ದು ಮಾಮೂಲಿ ಪುದೀನ. ಪೆಪ್ಪರ್‌ಮಿಂಟ್ ಎಂದರೆ ನೀರು ಪುದೀನಕ್ಕೂ ಚಟ್ನಿಗೆ ಹಾಕುವ ಮಾಮೂಲಿ ಪುದೀನಕ್ಕೂ ಹುಟ್ಟಿದ ಮಿಶ್ರತಳಿ, ಅದನ್ನು ಬೀಜದಿಂದ ಬೆಳೆಸಲಾಗದು ಎಂದು ಆಮೇಲೆ ತಿಳಿಯಿತು. ನರ್ಸರಿಯೊಂದರಿಂದ 250 ಕೊಟ್ಟು ತಂದ ಗಿಡವೂ ಚಟ್ನಿಯದೇ ಆಯಿತು. ಈಗ ಯಾರೂ ನನಗೆ ಮೋಸ ಮಾಡಲಾರರು. ಚಟ್ನಿ ಪುದೀನದ ಎಲೆ ಕಾಂಡಕ್ಕೇ ಅಂಟಿದಂತಿರುತ್ತದೆ. ಪೆಪ್ಪರ್‌ಮಿಂಟಿನ ಎಲೆಗೆ ಸ್ಪಷ್ಟವಾದ ತೊಟ್ಟು, ಕಾಂಡಕ್ಕೆ ನೇರಳೆಗೆಂಪು ಬಣ್ಣ. ಅಗಿದರೆ ಮೊದಲು ಖಾರ, ಉಸಿರೆಳೆದುಕೊಂಡಾಗ ಗಂಟಲು ತಣ್ಣಗೆ. ಅಸಲು ಗಿಡ ಸಿಕ್ಕಿದ್ದು ಊಟಿಯಲ್ಲಿ, ನೆಂಟರ ಹಿತ್ತಲಲ್ಲಿ, ಕಾಸಿಲ್ಲದೆ. ಬೇರು ಸಮೇತ ಆರು ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ.

ಮೊದಲ ಬೇಸಿಗೆಯಲ್ಲಿ ನಾಲ್ಕು ಸತ್ತವು. ಉಳಿದೆರಡನ್ನು ನೆರಳುಪರದೆಯ ಕೆಳಗೆ, ಬೆಳಗಿನ ಬಿಸಿಲು ಮಾತ್ರ ತಾಗುವ ಮೂಲೆಗೆ ಸರಿಸಿ, ತೆಂಗಿನ ನಾರು ಹೊದಿಸಿದೆ. ಮಳೆಗಾಲದಲ್ಲಿ ಎಲೆಯಡಿ ಕಿತ್ತಳೆ ಬಣ್ಣದ ತುಕ್ಕು ರೋಗ ಕಾಣಿಸಿತು. ನೆಲಮಟ್ಟಕ್ಕೆ ಕತ್ತರಿಸಿ ಎಲ್ಲವನ್ನೂ ಸುಟ್ಟೆ. ಕರುಳು ಚುರುಕ್ಕೆಂದಿತು, ಆದರೆ ಮರುಚಿಗುರು ಶುದ್ಧವಾಗಿ ಬಂತು. ಈಗ ಗಿಡ ನೆಟ್ಟ ಹದಿನೆಂಟು ಚೀಲಗಳಿವೆ. ಮಣ್ಣಿಗೆ ಎರೆಗೊಬ್ಬರ, ಬೇವಿನ ಹಿಂಡಿಯ ಜೊತೆ ಇನ್ನೊಂದನ್ನು ಸೇರಿಸುತ್ತೇನೆ; ಅದು ನನ್ನ ಗುಟ್ಟು.

ಎಣ್ಣೆ ಇಳಿಸುವುದರಲ್ಲಿಯೇ ಹೆಚ್ಚು ಪೆಟ್ಟು ತಿಂದೆ. ಎಲೆಯ ಎಣ್ಣೆಯನ್ನು ಹೊತ್ತ ಆವಿ ಕೊಳವೆಯಲ್ಲಿ ಸಾಗಿ ತಣಿದು, ನೀರು ಮತ್ತು ಎಣ್ಣೆಯಾಗಿ ಇಳಿಯಬೇಕು. ಹಳೆಯ ಹತ್ತು ಲೀಟರಿನ ಕುಕ್ಕರಿಗೆ ವಿಷಲಿನ ಜಾಗದಲ್ಲಿ ರಬ್ಬರ್ ಕೊಳವೆ ಸಿಕ್ಕಿಸಿದೆ. ಎಣ್ಣೆಯೆಲ್ಲ ರಬ್ಬರ್ ವಾಸನೆ. ಫ್ರಿಜ್ ರಿಪೇರಿ ಅಂಗಡಿಯಿಂದ ತಾಮ್ರದ ಕೊಳವೆ ತಂದು ಸುರುಳಿ ಸುತ್ತಿಸಿದೆ, ಸುಮಾರು 900 ಆಯಿತು. ಎಲೆಗಳನ್ನು ನೀರಿನಲ್ಲೇ ಮುಳುಗಿಸಿ ಕುದಿಸಿದಾಗ ಬೆಂದ ಸೊಪ್ಪಿನ ನಾತ. ಒಮ್ಮೆ ಎಲೆಯೊಂದು ಆವಿದಾರಿಗೆ ಅಡ್ಡ ಕೂತಿತು. ಸಕಾಲದಲ್ಲಿ ಒಲೆ ಆರಿಸಿದ್ದರಿಂದ ಅನಾಹುತ ತಪ್ಪಿತು. ಇಡ್ಲಿ ತಟ್ಟೆಯನ್ನು ನೀರಿನಿಂದ ನಾಲ್ಕು ಬೆರಳು ಮೇಲಿಟ್ಟು, ಅದರ ಮೇಲೆ ತೆಳುಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿದ ಎಲೆ ಇಟ್ಟಾಗ ಕೆಲಸ ಕೂಡಿ ಬಂತು. ಕೊಯ್ದ ಎಲೆಯನ್ನು ಅರ್ಧ ದಿನ ನೆರಳಲ್ಲಿ ಬಾಡಿಸಬೇಕು, ಉರಿ ಸಣ್ಣಗಿರಬೇಕು. ಎರಡು ಕಿಲೋ ಹಸಿ ಎಲೆಗೆ ನಾಲ್ಕೈದು ಮಿಲಿಲೀಟರ್ ಎಣ್ಣೆ. ಮೊದಲ ಬಾರಿ ನೀರಿನ ಮೇಲೆ ಆ ಹಳದಿ ಪದರ ತೇಲಿದ್ದನ್ನು ನೋಡಿ ಕಣ್ಣು ತುಂಬಿತ್ತು.

ಒಟ್ಟು ಖರ್ಚು ಏಳೆಂಟು ಸಾವಿರವಾಗಿರಬಹುದು. ಹಣದ ಲೆಕ್ಕದಲ್ಲಿ ಪೇಟೆಯದೇ ಅಗ್ಗ. ಆದರೆ ಅಗ್ಗದ ಪುದೀನ ಎಣ್ಣೆ ಬಹುಪಾಲು ಉತ್ತರ ಪ್ರದೇಶದ ಬಾರಾಬಂಕಿ ಕಡೆಯ ಜಪಾನಿ ಪುದೀನದ್ದು. ಅದರಲ್ಲಿ ತಣ್ಣಗೆನಿಸುವ ಅಂಶವಾದ ಮೆಂಥಾಲ್ ಹೆಚ್ಚು, ಪರಿಮಳ ಒರಟು. ನನ್ನದಕ್ಕೆ ಒಂದು ಸಿಹಿಯಿದೆ.

ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಬೆರೆಸಿ ಹಣೆಗೆ ಹಚ್ಚಿದರೆ ನನ್ನ ತಲೆನೋವು ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಊಟದ ನಂತರ ಹೊಟ್ಟೆ ಉಬ್ಬರಿಸಿದರೆ ಎಣ್ಣೆ ಬೇಡ, ಹತ್ತು ಎಲೆಗೆ ಕುದಿನೀರು ಹೊಯ್ದು ಮುಚ್ಚಿಟ್ಟು ಕುಡಿಯುತ್ತೇನೆ. ಆದರೆ ನಮ್ಮ ಅತ್ತೆಯವರಿಗೆ ಅದೇ ಕಷಾಯದಿಂದ ಎದೆಯುರಿ ಹೆಚ್ಚಾಯಿತು. ಜಠರದ ಬಾಯಿಯ ಸ್ನಾಯುವನ್ನು ಪುದೀನ ಸಡಿಲಿಸುತ್ತದೆ, ಆಮ್ಲ ಮೇಲೇರುತ್ತದೆ. ಕೈಗೂಸಿನ ಮುಖದ ಹತ್ತಿರ ಈ ಎಣ್ಣೆಯನ್ನು ಒಯ್ಯಲೇಬಾರದು, ಉಸಿರು ಕಟ್ಟೀತು. ಬೆಕ್ಕಿಗೂ ಆಗದು. ಎಣ್ಣೆಯ ಜೊತೆ ಇಳಿಯುವ ನೀರಿನಲ್ಲಿ ಅಡುಗೆಕಟ್ಟೆ ಒರೆಸಿದರೆ ಇರುವೆ ಒಂದು ದಿನ ದಾರಿ ಬದಲಿಸುತ್ತದೆ, ಅಷ್ಟೆ. ಜಿರಲೆ ಕ್ಯಾರೇ ಎನ್ನಲಿಲ್ಲ. ಚಟ್ನಿಗೆ ಹಾಕಿ ನೋಡಿದೆ, ಕಹಿ. ಮಜ್ಜಿಗೆಗೆ ಮೂರು ಎಲೆ ಮಾತ್ರ ಸೊಗಸು.

ಈಗ ಇನ್ನೊಂದು ಪ್ರಯೋಗ ನಡೆದಿದೆ. ಈ ಗಿಡ ಹೂ ಬಿಡಲು ದೀರ್ಘ ಹಗಲು ಬೇಕು. ಮೈಸೂರಿನಲ್ಲಿ ಜೂನ್ ತಿಂಗಳಲ್ಲೂ ಹಗಲು 13 ಗಂಟೆ ಮುಟ್ಟುವುದಿಲ್ಲ. ಹಗಲು ಕಿರಿದಾದರೆ ಎಣ್ಣೆಯ ಗುಣವೂ ಕುಂದುತ್ತದೆ. ಆರು ಚೀಲಗಳ ಮೇಲೆ ಎಲ್‌ಇಡಿ ಬಲ್ಬು ಕಟ್ಟಿ ಸಂಜೆ ಆರರಿಂದ ಹತ್ತರವರೆಗೆ ಉರಿಸುತ್ತಿದ್ದೇನೆ. ಮೂರನೆಯ ವಾರ ಇದು. ಎರಡು ಗಿಡಗಳ ತುದಿ ಕದಿರಿನಂತೆ ಒತ್ತೊತ್ತಾಗಿ ಕಟ್ಟುತ್ತಿದೆ.